ಆರು ಫ್ಯಾನ್ ಇದ್ದರೂ ಕಂಪ್ಯೂಟರ್ ಕ್ಯಾಬಿನೆಟ್ ಯಾಕೆ ಬಿಸಿ?

ಕಲಬುರಗಿ ಬಿಸಿಲು: ಕ್ಯಾಬಿನೆಟ್‌ಗೆ 120 ಮಿ.ಮೀ.ನ ಆರು ಫ್ಯಾನ್ ಹಾಕಿಸಿದ್ದೇನೆ. ಮುಂದೆ ಮೂರು, ಮೇಲೆ ಎರಡು, ಹಿಂದೆ ಒಂದು. ಆದರೂ ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ ಮುಟ್ಟುತ್ತದೆ. ಕೆಳಗೆ ಇನ್ನೆರಡಕ್ಕೆ ಜಾಗ ಇದೆ. ಹಾಕಲಾ?

ಹಳೇ ಸ್ಕ್ರೂಡ್ರೈವರ್: ಈಗಲೇ ಬೇಡ. ಪಕ್ಕದ ಪ್ಯಾನಲ್ ತೆಗೆದು ಅರ್ಧ ಗಂಟೆ ಅದೇ ಗೇಮ್ ಆಡಿ. ಬಿಸಿ ಚೆನ್ನಾಗಿ ಇಳಿದರೆ ಕ್ಯಾಬಿನೆಟ್‌ಗೆ ಉಸಿರು ಕಟ್ಟಿದೆ ಅಂತ ಅರ್ಥ. ಇಳಿಯದಿದ್ದರೆ ಕಾರ್ಡಿನ ಕೂಲರ್, ಚಿಪ್ಪಿಗೂ ಕೂಲರ್‌ಗೂ ನಡುವೆ ಹಚ್ಚಿರುವ ಪೇಸ್ಟ್ ನೋಡಬೇಕು.

ಮಲೆನಾಡ ಮಳೆ: ನಾನಾದರೆ ಹಾಕುತ್ತೇನೆ. ಫ್ಯಾನ್ ಜಾಸ್ತಿ ಇದ್ದರೆ ಎಲ್ಲವನ್ನೂ ನಿಧಾನ ತಿರುಗಿಸಬಹುದು. ಒಂದರ ಜೊತೆ ಅದೇ ವೇಗದ ಇನ್ನೊಂದು ಸೇರಿದರೆ ಸದ್ದು ಏರುವುದು ಸುಮಾರು 3 ಡೆಸಿಬೆಲ್ ಅಷ್ಟೇ. ಒಂದನ್ನೇ ಎರಡು ಪಟ್ಟು ಜೋರಾಗಿ ಓಡಿಸಿದರೆ ಕಿವಿ ತಡೆಯುವುದಿಲ್ಲ.

ಹಳೇ ಸ್ಕ್ರೂಡ್ರೈವರ್: ಸದ್ದಿನ ಮಾತು ಸರಿ. ಆದರೆ ಮುಂದೆ ಪೂರ್ತಿ ಗಾಜು ಇದ್ದರೆ ಆ ಮೂರು ಫ್ಯಾನ್ ಗಾಳಿ ಎಳೆಯುವುದು ಎಲ್ಲಿಂದ? ಅಂಚಿನ ಸಂದಿಯಿಂದ ತಾನೇ?

ಕಲಬುರಗಿ ಬಿಸಿಲು: ಗಾಜೇ ಇದೆ. ಪಕ್ಕದ ಪ್ಯಾನಲ್ ತೆಗೆದೆ, 75ಕ್ಕೆ ಇಳಿಯಿತು!

ತೆಂಗಿನ ಗರಿ: ಪ್ಯಾನಲ್ ಮುಚ್ಚಿ ಒಂದು ಊದುಬತ್ತಿ ಹಚ್ಚಿ. ಹೊರಗಿನಿಂದ ಪ್ರತಿ ಫ್ಯಾನ್ ಹತ್ತಿರ ಹಿಡಿಯಿರಿ, ಬೂದಿ ಒಳಗೆ ಬೀಳಬಾರದು. ಹಿಂದಿನ ಫ್ಯಾನ್ ಹೊಗೆಯನ್ನು ಹೊರಗೆ ತಳ್ಳಬೇಕು. ನನ್ನದರಲ್ಲಿ ಹೊಗೆ ದಾರದ ಎಳೆ ಹಾಗೆ ಒಳಗೇ ಹೋಯಿತು. ಜೋಡಿಸಿಕೊಟ್ಟವರು ಫ್ಯಾನ್ ಉಲ್ಟಾ ಕೂರಿಸಿದ್ದರು. ಸಾಮಾನ್ಯ ಫ್ಯಾನ್‌ನಲ್ಲಿ ಮೋಟಾರ್ ಹಿಡಿದಿರುವ ಅಡ್ಡಪಟ್ಟಿ ಕಾಣುವ ಕಡೆಯಿಂದ ಗಾಳಿ ಹೊರಬರುತ್ತದೆ.

ಕಲಬುರಗಿ ಬಿಸಿಲು: ಹಿಂದಿನದು ಸರಿ ಇದೆ. ಮೇಲಿನ ಎರಡೂ ಹೊರಗೆ ತಳ್ಳುತ್ತಿವೆ.

ಹಳೇ ಸ್ಕ್ರೂಡ್ರೈವರ್: ಮೇಲೆ ಮುಂಭಾಗದಲ್ಲಿ ಇರುವುದನ್ನು ಬಿಚ್ಚಿ ನೋಡಿ. ತಣ್ಣನೆ ಗಾಳಿ ಪ್ರೊಸೆಸರ್ ಕೂಲರ್ ತಲುಪುವ ಮೊದಲೇ ಅದು ಎಳೆದು ಬಿಸಾಡುತ್ತಿರಬಹುದು. ಅದನ್ನೇ ಕೆಳಗೆ ಹಾಕಿ, ಕಾರ್ಡಿಗೆ ನೇರ ಗಾಳಿ ಸಿಗುತ್ತದೆ. ಆದರೆ ಮೊದಲ ಕೆಲಸ ಗಾಜು ತೆಗೆದು ಜಾಲರಿ ಹಾಕುವುದು. ಬಾಯಿ ಮುಚ್ಚಿ ಓಡು ಅಂದರೆ ಯಾರಾದರೂ ಓಡುತ್ತಾರಾ?

ಮಲೆನಾಡ ಮಳೆ: ಈಗ ಒಪ್ಪಿದೆ. ಒಳಗೆ ಎಳೆಯುವುದು ಸ್ವಲ್ಪ ಜಾಸ್ತಿಯೇ ಇರಲಿ. ಆಗ ಗಾಳಿ ಫಿಲ್ಟರ್ ದಾಟಿಯೇ ಬರುತ್ತದೆ, ಸಂದಿಗೊಂದಿಯಿಂದ ಧೂಳು ನುಗ್ಗುವುದಿಲ್ಲ. ಇನ್ನೊಂದು, ಕೋಣೆಯೇ 40 ಡಿಗ್ರಿ ಇದ್ದರೆ ಯಾವ ಫ್ಯಾನೂ ಅದಕ್ಕಿಂತ ತಣ್ಣಗೆ ಮಾಡಲಾರದು.

ಕಲಬುರಗಿ ಬಿಸಿಲು: ಗಾಜು ತೆಗೆದೆ, ಮೇಲಿನದು ಕೆಳಗೆ ಬಂತು. ಪ್ಯಾನಲ್ ಮುಚ್ಚಿಯೂ 74! ಜಾಲರಿ ತರಿಸುತ್ತೇನೆ. ನಮ್ಮ ಕಡೆ ಧೂಳು ಜಾಸ್ತಿ, ಎಷ್ಟು ದಿನಕ್ಕೆ ತೊಳೆಯಲಿ?

ತೆಂಗಿನ ಗರಿ: ದಿನದ ಲೆಕ್ಕ ಬೇಡ. ಟಾರ್ಚ್ ಹಿಡಿದಾಗ ಆಚೆಯ ರೆಕ್ಕೆ ಮಸುಕಾಗಿ ಕಂಡರೆ ತೊಳೆಯಿರಿ. ಪೂರ್ತಿ ಒಣಗಿದ ಮೇಲೆಯೇ ಹಾಕಿ.