ನಾಗು ಹಾಕಿದ ಫ್ರೀ ಸಾಫ್ಟ್‌ವೇರ್ ಲಿಂಕು

ಗುಂಪು: ಎಸ್ಸೆಸ್ಸೆಲ್ಸಿ 94, 'ಬಿ' ಸೆಕ್ಷನ್
ಭಾನುವಾರ

ನಾಗು: ಶುಭೋದಯ 🙏 ಲಗ್ನಪತ್ರಿಕೆ, ಬ್ಯಾನರ್, ಪುಸ್ತಕದ ಪುಟ ಎಲ್ಲ ಮಾಡೋಕೆ ಭರ್ಜರಿ ಸಾಫ್ಟ್‌ವೇರ್. ಪೂರ್ತಿ ಫ್ರೀ, ಓಪನ್ ಸೋರ್ಸ್. ನಮ್ಮ ಶಾಲೆ ಲ್ಯಾಬಿನ 12 ಕಂಪ್ಯೂಟರಿಗೂ ಹಾಕಿಸೋಣ. ಎಲ್ಲಾ ಗುಂಪಿಗೂ ಕಳಿಸಿ 👇

ಪ್ರೆಸ್ ಮಂಜ: ಮೊನ್ನೆ ಅಂಗಡಿಗೆ ಬಂದಾಗ ಹೇಳಿದ್ಯಲ್ಲ, ಅವತ್ತೇ ಹಾಕ್ಕೊಂಡೆ ಮಾರಾಯ. ಒತ್ತಕ್ಷರ ಒಡೆಯಲ್ಲ, ಅದೇ ಖುಷಿ.

ಶೈಲಾ: ನಾಗು, ಲೈಸೆನ್ಸ್ ನೋಡಿದ್ಯಾ?

ನಾಗು: ಎಂತ ಲೈಸೆನ್ಸು? ದುಡ್ಡೇ ಕೇಳಲಿಲ್ಲ.

ಶೈಲಾ: ದುಡ್ಡು ಕೇಳದಿದ್ರೆ ಪುಕ್ಕಟೆ, ಅಷ್ಟೆ. ಇಂಗ್ಲಿಷಿನವರಿಗೆ ಎರಡಕ್ಕೂ ಫ್ರೀ ಅನ್ನೋ ಒಂದೇ ಪದ, ಅವರು ಎಡವಲಿ. ನಮ್ಮಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ.

ನಾಗು: ಸಾಫ್ಟ್‌ವೇರಿನ ಕೋಡೂ ಇದೆ ಕಣೆ, ಗಿಟ್‌ಹಬ್ ಅನ್ನೋ ಕೋಡ್ ಹಂಚೋ ಸೈಟಲ್ಲಿ, ಎಲ್ಲರಿಗೂ ಕಾಣತ್ತೆ. ಇನ್ನೆಷ್ಟು ಓಪನ್ ಆಗಬೇಕು, ಬಾಗಿಲೇ ಕಿತ್ತು ಹಾಕಬೇಕಾ?

ಶೈಲಾ: ಬೇಲಿ ಆಚೆ ಪಕ್ಕದ ತೋಟದ ಅಡಿಕೆ ಗೊನೆನೂ ಕಾಣತ್ತೆ. ಕೊಯ್ಕೊಂಡು ಬರ್ತೀಯಾ?

ರಫೀಕ್: ಹೈಸ್ಕೂಲಲ್ಲಿ ಮಾವಿನಕಾಯಿ ಹಾಗೇ ತಂದಿದ್ದು ಅವನು 😂

ಶೈಲಾ: ಗಿಟ್‌ಹಬ್ ಪುಟದ ಬಲಗಡೆ ಲೈಸೆನ್ಸ್ ಹೆಸರು ಬರತ್ತೆ. ಜಿಪಿಎಲ್, ಎಂಐಟಿ, ಅಪಾಚೆ ಹೀಗೆ, ಇವೆಲ್ಲ ಓಪನ್ ಸೋರ್ಸ್ ಲೈಸೆನ್ಸುಗಳು. ಏನೂ ಇಲ್ಲದಿದ್ರೆ ಕಾಪಿರೈಟ್ ಪೂರ್ತಿ ಬರೆದವರದ್ದೇ, ನಾವು ನೋಡಬಹುದು ಅಷ್ಟೆ. ನಿನ್ನ ಲಿಂಕಲ್ಲಿ 'ವ್ಯೂ ಲೈಸೆನ್ಸ್' ಅಂತಷ್ಟೇ ಇತ್ತು, ಅಂದ್ರೆ ಗಿಟ್‌ಹಬ್‌ಗೇ ಗುರುತು ಸಿಕ್ಕಿಲ್ಲ. ಅನುಮಾನ ಬಂದು ತೆರೆದೆ. ಶುರುವಿನಿಂದ ಎಂಐಟಿ ಲೈಸೆನ್ಸಿನ ಯಥಾವತ್ ನಕಲು. ಕಟ್ಟಕಡೇಲಿ ಒಂದು ಸಾಲು ತೂರಿಸಿದಾರೆ: ಸ್ವಂತ ಹಾಗೂ ವಾಣಿಜ್ಯೇತರ ಬಳಕೆಗೆ ಮಾತ್ರ.

ಪ್ರೆಸ್ ಮಂಜ: ನಾನು ಕಾರ್ಡಿಗೆ ದುಡ್ಡು ತಗೋತೀನಲ್ಲ?

ಶೈಲಾ: ಅದೇ.

ಪ್ರೆಸ್ ಮಂಜ: ಅಯ್ಯೋ, ಎರಡು ಗೃಹಪ್ರವೇಶ, ಒಂದು ಉಪನಯನ ಆಗಲೇ ಹೊಡೆದು ಕೊಟ್ಟಾಯ್ತು!

ನಾಗು: ಇವಳ ಮಾತು ಕೇಳಿ ಹೆದರಬೇಡ. ಶಾಲೆಯಂತೂ ವ್ಯಾಪಾರ ಮಾಡಲ್ಲ, ನಮಗೇನು ಬಾಧಕ ಇಲ್ಲ.

ಶೈಲಾ: 'ಸ್ವಂತ' ಅನ್ನೋದರಲ್ಲಿ ಶಾಲೆ ಬರತ್ತಾ ಅಂತ ಬರೆದವರನ್ನೇ ಕೇಳಬೇಕು. ನನ್ನ ತಕರಾರು ಅದಲ್ಲ, ನೀನು ಓಪನ್ ಸೋರ್ಸ್ ಅಂತ ಹಾಕಿದ್ದು. ಓಪನ್ ಸೋರ್ಸ್ ಇನಿಷಿಯೇಟಿವ್ ಅಂತ ಸಂಸ್ಥೆ ಇದೆ, 1998ರದ್ದು. ಅವರ ವ್ಯಾಖ್ಯೆಯಲ್ಲಿ ಹತ್ತು ಅಂಶ. ಆರನೇದು ಇದೇ: ಯಾವ ಕೆಲಸಕ್ಕೆ ಬಳಸ್ತೀರಿ ಅಂತ ನೋಡಿ ತಡೆಯೋ ಹಾಗಿಲ್ಲ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನವರು ನಾಲ್ಕು ಸ್ವಾತಂತ್ರ್ಯ ಅಂತ ಎಣಿಸ್ತಾರೆ, ಸೊನ್ನೆಯಿಂದ ಮೂರರವರೆಗೆ. ಆ ಸೊನ್ನೆನೇ 'ಯಾವ ಉದ್ದೇಶಕ್ಕಾದರೂ ಓಡಿಸು'. ಮೇಷ್ಟ್ರಿಗೆ ಹೌದು, ಮಂಜನಿಗೆ ಇಲ್ಲ ಅಂದ್ರೆ ಅಲ್ಲಿಗೇ ಬಿತ್ತು.

ಸುಜಾತಾ: ಸೊನ್ನೆಯಿಂದ ಎಣಿಸಿದ್ರೆ ನಮ್ಮ ಗಣಿತದ ಮೇಷ್ಟ್ರು ಬೆಂಚ್ ಹತ್ತಿಸ್ತಿದ್ರು.

ನಾಗು: ಅತಿ ಆಯ್ತು ನಿಂದು. ಯಾರೋ ಪಾಪ ರಾತ್ರಿ ನಿದ್ದೆ ಬಿಟ್ಟು ಮಾಡಿರ್ತಾರೆ. ದೊಡ್ಡ ಕಂಪನಿ ಎತ್ತಿಕೊಂಡು ಹೋಗಿ ಮಾರದಿರಲಿ ಅಂತ ಒಂದು ಸಾಲು ಹಾಕಿದ್ರೆ ತಪ್ಪಾ?

ಶೈಲಾ: ತಪ್ಪು ಅಂದ್ನಾ? ಅವರ ಬೆವರು, ಅವರ ಷರತ್ತು. ಮೋಂಗೋಡಿಬಿ ಅನ್ನೋ ಡೇಟಾಬೇಸ್ ಕಂಪನಿನೂ ಕ್ಲೌಡ್ ಕಂಪನಿಗಳ ಮೇಲಿನ ಸಿಟ್ಟಿಗೇ 2018ರಲ್ಲಿ ಎಸ್‌ಎಸ್‌ಪಿಎಲ್ ಅಂತ ಹೊಸ ಲೈಸೆನ್ಸ್ ತಂತು. ಅದು ಓಪನ್ ಸೋರ್ಸ್ ಅಲ್ಲ ಅಂತ ಇದೇ ಇನಿಷಿಯೇಟಿವ್‌ನವರು ಹೇಳಿದ್ರು. ಕಂಪನಿ ಏನು ಮುಳುಗಲಿಲ್ಲ. ಷರತ್ತು ಹಾಕ್ಲಿ, ಓಪನ್ ಸೋರ್ಸ್ ಅನ್ನೋ ಬೋರ್ಡ್ ತೆಗೀಲಿ.

ರಫೀಕ್: ಜೇಸನ್ (JSON) ಅನ್ನೋ ಸಾಫ್ಟ್‌ವೇರ್ ಲೈಸೆನ್ಸ್ ಕಥೆ ಗೊತ್ತಾ? 'ಒಳ್ಳೇದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ' ಅಂತ ಒಂದು ಸಾಲು. ಅಷ್ಟಕ್ಕೇ ಡೆಬಿಯನ್ ಅನ್ನೋ ಲಿನಕ್ಸ್ ಮಾಡೋರು ಇದು ಮುಕ್ತ ಅಲ್ಲ ಅಂತ ಹೊರಗಿಟ್ರು.

ನಾಗು: ಒಳ್ಳೇದು ಮಾಡು ಅಂದ್ರೂ ತಪ್ಪಾ ಈ ಜನಕ್ಕೆ?!

ರಫೀಕ್: ಒಳ್ಳೇದು ಯಾವುದು ಅಂತ ತೀರ್ಮಾನ ಮಾಡೋರು ಯಾರು? ಎಲೆಕ್ಷನ್ ಟೈಮಲ್ಲಿ ಈ ಗುಂಪು ನೋಡಿಲ್ವಾ ನೀನು.

ಸುಜಾತಾ: 🤐

ಪ್ರೆಸ್ ಮಂಜ: ನಿಮ್ಮ ನಿಮ್ಮ ಜಗಳ ಆಮೇಲೆ. ನನಗೆ ನಾಳೆ ಬೆಳಗ್ಗೆ ಒಂದು ನಾಮಕರಣದ ಕಾರ್ಡ್ ಕೊಡಬೇಕು. ಎಂತ ಹಾಕ್ಕೊಳ್ಳಲಿ?

ಶೈಲಾ: ಕಾರ್ಡಿಗೆ ಇಂಕ್‌ಸ್ಕೇಪ್. ಪುಸ್ತಕದ ಪುಟಕ್ಕೆ ಸ್ಕ್ರೈಬಸ್, ಹೊಸ ಆವೃತ್ತಿನೇ ಹಾಕ್ಕೋ, ಹಳೇದರಲ್ಲಿ ಕನ್ನಡ ಸರಿ ಕೂರಲ್ಲ. ಎರಡೂ ಜಿಪಿಎಲ್, ದುಡ್ಡಿನ ಕೆಲಸಕ್ಕೂ ಅಡ್ಡಿ ಇಲ್ಲ. ಫಾಂಟು ನೋಟೋ ಸಾನ್ಸ್ ಕನ್ನಡ, ಅದು ಓಪನ್ ಫಾಂಟ್ ಲೈಸೆನ್ಸು.

ನಾಗು: (ಹತ್ತು ನಿಮಿಷ ಬಿಟ್ಟು) ಸಿಕ್ಕಿಬಿದ್ದೆ ಶೈಲಾ! ಓದಿದೆ ನಿನ್ನ ಓಪನ್ ಫಾಂಟ್ ಲೈಸೆನ್ಸು. ಫಾಂಟನ್ನ ಮಾರೋ ಹಾಗಿಲ್ಲ ಅಂತ ಇದೆ. ಅದು ಹೇಗೆ ಓಪನ್ನು?

ಶೈಲಾ: ಅಂತೂ ನೀನು ಲೈಸೆನ್ಸ್ ಓದೋ ಹಾಗಾಯ್ತು. ಫಾಂಟ್ ಒಂದನ್ನೇ ಮಾರಬಾರದು ಅಂತ ಇರೋದು. ಯಾವುದಾದರೂ ಸಾಫ್ಟ್‌ವೇರ್ ಜೊತೆ ಸೇರಿಸಿದ್ರೆ ಧಾರಾಳವಾಗಿ ಮಾರು, ನಾಲ್ಕು ಸಾಲಿನ ಪ್ರೋಗ್ರಾಂ ಆದ್ರೂ ಸಾಕು. ಅದಕ್ಕೇ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನೂ ಒಪ್ಪಿಕೊಂಡಿದೆ. ಆ ಫಾಂಟಲ್ಲಿ ಮಂಜ ಹೊಡೆಯೋ ಕಾರ್ಡಿಗೆ ಈ ಮಾತು ತಾಗೋದೇ ಇಲ್ಲ.

ನಾಗು: ಇದು ಮೂಗನ್ನ ತಲೆ ಸುತ್ತಿ ಹಿಡಿದ ಹಾಗಾಯ್ತು.

ಶೈಲಾ: ಹೌದು, ಸ್ವಲ್ಪ ಹಾಗೇ. ನನಗೂ ಆ ಸಾಲು ಅಷ್ಟು ಹಿಡಿಸಲ್ಲ.

ನಾಗು: ಅಬ್ಬಾ, ಒಂದಾದ್ರೂ ಒಪ್ಪಿದ್ಯಲ್ಲ! ಸರಿ, ನನ್ನ ಮೆಸೇಜ್ ಡಿಲೀಟ್ ಮಾಡ್ತೀನಿ.

ಪ್ರೆಸ್ ಮಂಜ: ಡಿಲೀಟ್ ಯಾಕೆ? ಮನೇಲಿ ಮಕ್ಕಳ ಹುಟ್ಟುಹಬ್ಬಕ್ಕೆ ಮಾಡ್ಕೊಳ್ಳೋರಿಗೆ ಒಳ್ಳೇದೇ ಅದು. 'ಓಪನ್ ಸೋರ್ಸ್' ಅನ್ನೋದು ಅಳಿಸು ಸಾಕು.

ನಾಗು: ಎಡಿಟ್ ಬರ್ತಾ ಇಲ್ಲ.

ರಫೀಕ್: ಹದಿನೈದು ನಿಮಿಷ ದಾಟಿದ್ರೆ ಬರಲ್ಲ.

ಸುಜಾತಾ: ನಾಗು, ಈಗಷ್ಟೇ ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೂ ಬಂತು ನಿನ್ನ ಶುಭೋದಯ. ಮೇಲೆ 'ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ' ಅಂತಿದೆ.