ಪದಚರ್ಚೆ: ಕಾರಣ, ನಿಮಿತ್ತ, ಕಾರಣಿಕ

ಎಲ್ಲರಿಗೂ ನಮಸ್ಕಾರ. ನಮ್ಮ ಉಡುಪಿ ಕಡೆ ದೇವರಿದ್ದಾನಾ ಇಲ್ವಾ ಎಂಬ ಮಾತು ಎದ್ದರೆ, ‘ಇಷ್ಟು ದೊಡ್ಡ ಜಗತ್ತಿಗೆ ಒಂದು ಕಾರಣ ಬೇಡ್ವಾ?’ ಅಂತ ಒಬ್ಬರು ಕೇಳುತ್ತಾರೆ, ‘ಹಾಗಾದ್ರೆ ದೇವರಿಗೆ ಕಾರಣ ಯಾರು?’ ಅಂತ ಇನ್ನೊಬ್ಬರು. 1380 ಕೋಟಿ ವರ್ಷದ ಹಿಂದಿನ ಮಹಾಸ್ಫೋಟವನ್ನೂ ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆಯುತ್ತಾರೆ. ಆದರೆ ಇಬ್ಬರೂ ಹೇಳುವ ‘ಕಾರಣ’ ಒಂದೇನಾ?

ಶಾಸ್ತ್ರದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಮಡಕೆಗೆ ಮಣ್ಣು ಉಪಾದಾನ ಕಾರಣ, ಅಂದರೆ ಯಾವುದರಿಂದ ಆಯಿತೋ ಆ ವಸ್ತು; ಕುಂಬಾರ ನಿಮಿತ್ತ ಕಾರಣ, ಅಂದರೆ ಮಾಡಿದವನು. ಮಧ್ವಾಚಾರ್ಯರ ಪ್ರಕಾರ ದೇವರು ನಿಮಿತ್ತ ಕಾರಣ ಮಾತ್ರ. ಉಪಾದಾನ ಪ್ರಕೃತಿ, ಅಂದರೆ ಜಗತ್ತಿನ ಜಡ ಮೂಲವಸ್ತು; ಅದು ಅನಾದಿ, ಆದರೆ ದೇವರ ಅಧೀನ. ಅಂದರೆ ಏನೂ ಇಲ್ಲದ ಕಡೆಯಿಂದ ದೇವರು ಜಗತ್ತು ತಂದ ಅಂತ ಅವರು ಹೇಳುವುದೇ ಇಲ್ಲ. ಅದ್ವೈತದಲ್ಲಿ ಎರಡೂ ಬ್ರಹ್ಮವೇ.

ತೊಡಕು ಬರುವುದು ಆಡುಮಾತಿನಲ್ಲಿ. ‘ಮದುವೆ ನಿಮಿತ್ತ ಊರಿಗೆ ಹೋಗಿದ್ದೆ’, ‘ನಾನು ನಿಮಿತ್ತ ಮಾತ್ರ, ಮಾಡಿಸಿದ್ದು ದೇವರು’ ಅಂತೀವಲ್ಲ, ಅಲ್ಲಿ ನಿಮಿತ್ತ ಅಂದರೆ ಸಂದರ್ಭ ಅಥವಾ ಬರೀ ಸಾಧನ. ಗೀತೆಯ 11ನೇ ಅಧ್ಯಾಯದ ‘ನಿಮಿತ್ತಮಾತ್ರಂ ಭವ’ ಕೂಡ ಇದೇ ಅರ್ಥದ್ದು. ಇದನ್ನೇ ಕೇಳಿ ಬೆಳೆದವರಿಗೆ ‘ದೇವರು ನಿಮಿತ್ತ ಕಾರಣ’ ಅಂದರೆ ಪೂರ್ತಿ ಉಲ್ಟಾ, ದೇವರೇ ಬರೀ ಸಾಧನ ಅನ್ನುವ ಹಾಗೆ ಕೇಳಿಸುತ್ತದೆ.

ನನಗೆ ಜಾಸ್ತಿ ಕುತೂಹಲ ಇರುವುದು ‘ಕಾರಣಿಕ’ದ ಬಗ್ಗೆ. ತುಳುನಾಡಿನಲ್ಲಿ ‘ಕಾರಣಿಕದ ದೈವ’ ಅಂದರೆ ಜಗತ್ತು ಮಾಡಿದ ದೈವ ಅಂತ ಯಾರೂ ತಿಳಿಯುವುದಿಲ್ಲ. ಕರೆದಾಗ ಒದಗುವ, ತಪ್ಪಿದರೆ ತೋರಿಸಿಕೊಡುವ ಶಕ್ತಿ ಇರುವ ದೈವ ಅಂತ. ದೈವಕ್ಕೆ ನಡೆಸುವ ಕೋಲದಲ್ಲಿ ಕೈಮುಗಿದು ನಿಂತವರು ಬ್ರಹ್ಮಾಂಡದ ಮೂಲ ಕೇಳಲು ಬಂದವರಲ್ಲ, ಅಲ್ವಾ? ಕಾರ್ಕಳದಲ್ಲಿ 1432ರ ಬಾಹುಬಲಿಯ ಮುಂದೆ ನಿಲ್ಲುವ ಜೈನರಿಗೂ ಜಗತ್ತು ಅನಾದಿ, ಅದನ್ನು ಮಾಡಿದವನು ಇಲ್ಲ. ಹಾಗಂತ ಅವರ ಭಕ್ತಿ ಕಮ್ಮಿಯಾಗಿಲ್ಲ. ನಾನು ದೇವರನ್ನು ನಂಬುವವನೇ. ಆದರೂ ಮೊದಲ ಕಾರಣ ಸಿಕ್ಕದಿದ್ದರೆ ನಂಬಿಕೆ ಬಿದ್ದೇ ಹೋಯಿತು ಅನ್ನುವ ವಾದ ನಮ್ಮ ಊರಿಗೆ ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ.

ಮೈಲಾರದ ಕಡೆ ಕಾರಣಿಕ ಅಂದರೆ ಮೈಲಾರಲಿಂಗನ ಭಕ್ತನಾದ ಗೊರವಪ್ಪ ನುಡಿಯುವ ಭವಿಷ್ಯವಾಣಿ. ಅಲ್ಲಿ ನುಡಿ, ಇಲ್ಲಿ ಶಕ್ತಿ. ‘ಕಾರಣ’ದಿಂದ ಈ ಎರಡು ಅರ್ಥ ಹೇಗೆ ಹೊರಟವು? ಹಳೆಯ ಶಾಸನದಲ್ಲೋ ದೈವಗಳ ಕಥೆ ಹೇಳುವ ತುಳು ಹಾಡಾದ ಪಾಡ್ದನದಲ್ಲೋ ಈ ಪದ ಬಂದಿದ್ದರೆ ಆ ಸಾಲನ್ನು ದಯವಿಟ್ಟು ಇಲ್ಲಿ ಹಾಕಿ. ನಿಮಿತ್ತ ಕಾರಣಕ್ಕೆ ಗೊಂದಲ ಆಗದ ಸುಲಭದ ಕನ್ನಡ ಪದ ಗೊತ್ತಿದ್ದರೆ ಅದನ್ನೂ ತಿಳಿಸಿ.