ಬಸ್ ಸ್ಟಾಪ್ ಗೋಡೆ ಮೇಲೆ ರಾತ್ರೋರಾತ್ರಿ ಮಂಗಟ್ಟೆ ಹಕ್ಕಿ. ಕಲೆನಾ, ಕಿತಾಪತಿನಾ?

ಕಾಫಿಹೂ:
ಸೋಮವಾರಪೇಟೆ ಕಡೆ ನಮ್ಮೂರ ಬಸ್ ಸ್ಟಾಪ್ ಇದೆ, ಮಳೆಗಾಲ ಮುಗಿಯೋ ಹೊತ್ತಿಗೆ ಪಾಚಿ ಹಿಡಿದು ಕಪ್ಪಗಾಗಿರುತ್ತೆ, ಅದರ ಮೇಲೆ ಹೋಂಸ್ಟೇ ಪೋಸ್ಟರು, ಎಲೆ ಅಡಿಕೆ ಉಗುಳು ಬೇರೆ. ಮೊನ್ನೆ ಬೆಳಗ್ಗೆ ನೋಡಿದ್ರೆ ಗೋಡೆ ತುಂಬ ಸ್ಪ್ರೇ ಪೇಂಟಲ್ಲಿ ಒಂದು ಮಂಗಟ್ಟೆ! ಯಾರು ಮಾಡಿದ್ದು ಅಂತ ಎಲ್ರಿಗೂ ಅಂದಾಜಿದೆ, ಯಾರೂ ಬಾಯಿ ಬಿಡ್ತಿಲ್ಲ. ನಮ್ಮ ಮಾವ ಕಂಪ್ಲೇಂಟ್ ಕೊಡ್ತೀನಿ ಅಂತ ಕೂತಿದಾರೆ. ನಂಗಂತೂ ಇಷ್ಟ ಆಯ್ತು, ಆದ್ರೆ ನಂಗೆ ಇಷ್ಟ ಆಯ್ತು ಅಂದ್ರೆ ಸರಿ ಅಂತಾನಾ?

ಕೋಟೆಬಾಗಿಲು:
ಮಾವ ಹೇಳೋದೇ ಸರಿ. ಪರ್ಮಿಷನ್ ಇಲ್ದೆ ಸಾರ್ವಜನಿಕ ಜಾಗ ಅಂದಗೆಡಿಸೋದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರ ಕಾನೂನೇ ಇದೆ. ಇವತ್ತು ಹಕ್ಕಿ ಅಂತ ಬಿಟ್ರೆ ನಾಳೆ ಇನ್ನೊಬ್ಬ ಮಡಿಕೇರಿ ಕೋಟೆ ಮೇಲೆ ಹಾರ್ಟ್ ಬರೀತಾನೆ. ಅದು ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿತ ಜಾಗ, ಹಾಳು ಮಾಡಿದ್ರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

ಮಂಜುಮುಸುಕು:
ಅಣ್ಣಾ, ಕೋಟೆನೂ ಬಸ್ ಸ್ಟಾಪೂ ಒಂದೇನಾ? ಉಗುಳಿದಾಗ ಸುಮ್ನಿದ್ದ ಊರು ಹಕ್ಕಿ ಬರೆದಾಗ ಯಾಕೆ ಎದ್ದು ಕೂತಿದೆ ಅಂತ ಮೊದ್ಲು ಹೇಳಿ. ನ್ಯೂಯಾರ್ಕಲ್ಲಿ ಫೈವ್ ಪಾಯಿಂಟ್ಸ್ ಅಂತ ಒಂದು ಬಿಲ್ಡಿಂಗ್ ಇತ್ತು, ಓನರ್ ಒಪ್ಪಿಗೆಯಿಂದಾನೇ ವರ್ಷಾನುಗಟ್ಟಲೆ ಗ್ರಾಫಿಟಿ, ಅಂದ್ರೆ ಗೋಡೆ ಮೇಲೆ ಸ್ಪ್ರೇ ಪೇಂಟ್ ಚಿತ್ರ, ಮಾಡ್ತಿದ್ರು, 2013ರಲ್ಲಿ ಅದೇ ಓನರ್ ರಾತ್ರೋರಾತ್ರಿ ಬಿಳಿ ಬಣ್ಣ ಹೊಡೆಸಿಬಿಟ್ಟ. 2018ರಲ್ಲಿ ಕೋರ್ಟು 21 ಕಲಾವಿದರಿಗೆ 67 ಲಕ್ಷ ಡಾಲರ್ ಕೊಡಿಸ್ತು. ಅಲ್ಲಿ ಅಳಿಸಿದವನೇ ತಪ್ಪಿತಸ್ಥ ಆದ ನೋಡಿ.

ಕೋಟೆಬಾಗಿಲು:
ಒಪ್ಪಿಗೆಯಿಂದ ಅಂತ ನೀವೇ ಬರ್ದಿದೀರಲ್ಲ. ನಂದೂ ಅಷ್ಟೇ ವಾದ.

ಗಾರೆಕೆಲಸ:
ನಾನು ಪೇಂಟಿಂಗ್ ಕಾಂಟ್ರಾಕ್ಟ್ ಮಾಡೋನು, ಕಲೆ ಗಿಲೆ ನಂಗೊತ್ತಿಲ್ಲ, ಗೋಡೆ ಗೊತ್ತು. ಸಿಮೆಂಟ್ ಗೋಡೆ ಆದ್ರೆ ಏನೂ ಆಗಲ್ಲ, ಉಜ್ಜಿ ಪ್ರೈಮರ್ ಹೊಡೆದ್ರೆ ಮುಗೀತು. ಹಳೇ ಸುಣ್ಣದ ಗಾರೆ ಮೇಲೆ ಮಾತ್ರ ಈ ಪೇಂಟ್ ಬೇಡ ಮಾರಾಯ್ರೆ, ಗೋಡೆ ಉಸಿರಾಡಲ್ಲ, ನಮ್ಮ ಮಳೆಗೆ ಒಳಗೆ ಹೋದ ನೀರು ಹೊರಗೆ ಬರಕ್ಕಾಗದೆ ಗಾರೆನೇ ಹಪ್ಪಳದ ಥರ ಎದ್ದು ಬರುತ್ತೆ. ಕೆಮಿಕಲ್ ಹಾಕಿ ತೆಗೆಯಕ್ಕೆ ಹೋದ್ರೆ ಮೇಲ್ಪದರಾನೂ ಜೊತೆಗೇ ಹೋಗುತ್ತೆ. ನಿಮ್ಮ ಬಸ್ ಸ್ಟಾಪ್ ಸಿಮೆಂಟಾ? ಹಾಗಾದ್ರೆ ಪಂಚಾಯ್ತಿಗೆ ಒಂದು ಅರ್ಜಿ ಬರೆದು ಕೊಡಕ್ಕೆ ಹೇಳಿ ಆ ಹುಡುಗ್ರಿಗೆ. ಪಾಚಿ ಉಜ್ಜದೆ ಹೊಡೆದಿದ್ರೆ ಮುಂದಿನ ಜುಲೈಗೆ ಅದೇ ಉದುರುತ್ತೆ, ಕಂಪ್ಲೇಂಟೂ ಬೇಕಾಗಿಲ್ಲ.

ಕಾಫಿಹೂ:
ಸಿಮೆಂಟೇ ಅಣ್ಣಾ. ಅರ್ಜಿ ಐಡಿಯಾ ಚೆನ್ನಾಗಿದೆ, ಆದ್ರೆ ಅರ್ಜಿ ಕೊಟ್ರೆ ಹೆಸರು ಹಾಕ್ಬೇಕಲ್ಲ, ಅಲ್ಲೇ ಸಿಕ್ಕಾಕೊಳ್ತಾರೆ. ಅಂದಹಾಗೆ ಸಂಜೆ ಮಾವ ಅದರ ಮುಂದೆ ಹತ್ತು ನಿಮಿಷ ನಿಂತಿದ್ರು. ನಮ್ಮ ತೋಟಕ್ಕೆ ಬರೋದು ಮಲಬಾರ್ ಬೂದು ಮಂಗಟ್ಟೆ, ಅದಕ್ಕೆ ಬೇರೆ ಮಂಗಟ್ಟೆಗಳ ಥರ ಕೊಕ್ಕಿನ ಮೇಲೆ ಟೋಪಿಯಂಥ ಉಬ್ಬು ಇರಲ್ಲ, ಇವ್ನು ಬೂದು ಬಣ್ಣ ಹಚ್ಚಿ ಟೋಪಿನೂ ಇಟ್ಟಿದಾನೆ, ಬಂದು ಸರಿ ಮಾಡಕ್ಕೆ ಹೇಳು ಅಂದ್ರು. ಯಾರಿಗೆ ಹೇಳಲಿ ಅಂತ ನಾನೂ ಕೇಳಿಲ್ಲ, ಅವ್ರೂ ಹೇಳಿಲ್ಲ.